ಹಳೆಯ ಆಟೋಮ್ಯಾಟಿಕ್ ಕಾರು ಗೇರು ಬದಲಿಸಲು ತಡವರಿಸಿದರೆ: ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಅಧ್ಯಾಪಕ. ಮಂಡಿನೋವಿನಿಂದಾಗಿ ಕ್ಲಚ್ ತುಳಿಯುವುದು ಕಷ್ಟವಾದ್ದರಿಂದ 2011ರ ಮಾದರಿಯ ಆಟೋಮ್ಯಾಟಿಕ್ ಪೆಟ್ರೋಲ್ ಕಾರೊಂದನ್ನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ನಾಲ್ಕು ಗೇರು, 1,18,000 ಕಿ.ಮೀ. ಓಡಿದೆ. ಈಗ ಮೂರು ತೊಂದರೆ ಕಾಣಿಸಿಕೊಂಡಿವೆ. ಬೆಳಿಗ್ಗೆ ಮೊದಲ ಸಲ ಲಿವರನ್ನು ‘ಡಿ’ಗೆ (ಡ್ರೈವ್) ಹಾಕಿದಾಗ ಮೂರು ನಾಲ್ಕು ಸೆಕೆಂಡು ಕಾರು ಅಲುಗುವುದಿಲ್ಲ, ಆಮೇಲೆ ಧಡ್ ಎಂದು ಹಿಡಿದುಕೊಳ್ಳುತ್ತದೆ. ಮೈಸೂರಿನ ಟ್ರಾಫಿಕ್‌ನಲ್ಲಿ ಚೆನ್ನಾಗಿ ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಇಂಜಿನ್ ಮಾತ್ರ ರೇಸ್ ಆಗುತ್ತದೆ, ವೇಗ ಏರುವುದಿಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಎರಡು ಸಲ ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಹೋಯಿತು. ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಬದಲಿಸಲು 1,40,000 ರೂಪಾಯಿ ಆಗುತ್ತದೆ ಎಂದರು. ಇನ್ನೊಬ್ಬರು ಮಷೀನ್ ಇಟ್ಟು ಆಯಿಲ್ ಫ್ಲಶ್ ಮಾಡಿದರೆ ಸಾಕು ಎಂದರು. ಮೂರನೆಯವರು ಹಳೆಯ ಆಯಿಲ್ ಮುಟ್ಟಿದರೆ ಗೇರ್‌ಬಾಕ್ಸೇ ಹೋಗುತ್ತದೆ, ಹಾಗೇ ಓಡಿಸಿ ಎಂದರು. ಯಾರ ಮಾತು ಕೇಳಲಿ?

ಉತ್ತರ: ಕಾರಿನ ಇಂದಿನ ಬೆಲೆಯ ಬಹುಪಾಲನ್ನು ಒಂದು ರಿಪೇರಿಗೆ ಸುರಿದ ಮೇಲೂ ತೊಂದರೆ ಹಾಗೆಯೇ ಉಳಿದರೆ ಏನು ಗತಿ ಎಂಬ ಅಳುಕು ನಿಮ್ಮ ಪತ್ರದುದ್ದಕ್ಕೂ ಇದೆ, ಮತ್ತು ಆ ಅಳುಕಿಗೆ ಕಾರಣವಿದೆ. ಮೂರು ಗ್ಯಾರೇಜುಗಳ ಸಲಹೆಯನ್ನು ನೀವು ವಿವರವಾಗಿ ಬರೆದಿದ್ದೀರಿ. ಆದರೆ ಅವರಲ್ಲಿ ಯಾರಾದರೂ ಆಯಿಲ್ ಮಟ್ಟ ನೋಡಿದ, ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿದ ಅಥವಾ ಆಯಿಲ್ ಒತ್ತಡ ಅಳೆಯುವ ಪ್ರೆಷರ್ ಗೇಜ್ ಜೋಡಿಸಿದ ಸುದ್ದಿ ಅದರಲ್ಲಿಲ್ಲ. ಈ ಮೂರೂ ಆಗುವವರೆಗೆ ಗೇರ್‌ಬಾಕ್ಸ್ ಕೆಟ್ಟಿದೆ ಎನ್ನುವುದಕ್ಕಾಗಲಿ, ಕೆಟ್ಟಿಲ್ಲ ಎನ್ನುವುದಕ್ಕಾಗಲಿ ಆಧಾರವಿರುವುದಿಲ್ಲ. ಕಾರಿನ ಕಂಪನಿಯ ಹೆಸರನ್ನು ನೀವು ತಿಳಿಸಿದ್ದೀರಿ; ಅದೇ ಕಾಲದ ಬೇರೆ ಕಾರುಗಳನ್ನು ಇಟ್ಟುಕೊಂಡಿರುವವರಿಗೂ ಈ ಉತ್ತರ ಉಪಯೋಗಕ್ಕೆ ಬರಬೇಕಾದ್ದರಿಂದ ಇಲ್ಲಿ ಅದನ್ನು ಬಿಟ್ಟಿದ್ದೇನೆ.

ನಿಮ್ಮದು ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಸಾಂಪ್ರದಾಯಿಕ ಆಟೋಮ್ಯಾಟಿಕ್. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಬಳಕೆಗೆ ಬಂದ ಎಎಂಟಿ, ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗೇ ಯಂತ್ರದ ಕೈ ಜೋಡಿಸಿದ ವ್ಯವಸ್ಥೆ. ಬೆಲ್ಟಿನ ಮೇಲೆ ನಡೆಯುವ ಸಿವಿಟಿ ಇನ್ನೊಂದು ಬಗೆ. ಈ ಉತ್ತರ ಅವೆರಡಕ್ಕೂ ಅನ್ವಯಿಸುವುದಿಲ್ಲ. ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಇಂಜಿನ್ನಿನಿಂದಲೇ ತಿರುಗುವ ಒಂದು ಪಂಪ್ ಆಯಿಲ್ ಅನ್ನು ಒತ್ತಡದಲ್ಲಿ ತಳ್ಳುತ್ತದೆ. ವಾಲ್ವ್ ಬಾಡಿ ಎಂಬ ಸೂಕ್ಷ್ಮ ಕಾಲುವೆಗಳ ಭಾಗ ಆ ಒತ್ತಡವನ್ನು ಬೇಕಾದ ಕ್ಲಚ್ ಪ್ಲೇಟುಗಳ ಕಡೆಗೆ ತಿರುಗಿಸುತ್ತದೆ. ಯಾವಾಗ ತಿರುಗಿಸಬೇಕೆಂದು ಕಂಪ್ಯೂಟರ್ ಸೊಲೆನಾಯ್ಡ್‌ಗಳಿಗೆ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವ್‌ಗಳು) ಹೇಳುತ್ತದೆ. ಆಯಿಲ್ ಇಲ್ಲಿ ಸವೆತ ತಪ್ಪಿಸುವುದರ ಜೊತೆಗೆ ಕ್ಲಚ್ಚನ್ನು ಒತ್ತಿ ಹಿಡಿಯುತ್ತದೆ, ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಪ್ಲೇಟುಗಳು ಎಷ್ಟು ಮೆಲ್ಲಗೆ ಕಚ್ಚಿಕೊಳ್ಳಬೇಕೆಂಬುದನ್ನೂ ನಿರ್ಧರಿಸುತ್ತದೆ. ಹಾಗಾಗಿ ಇಂಥ ಗೇರ್‌ಬಾಕ್ಸ್‌ನಲ್ಲಿ ಏನಾಗುತ್ತಿದೆ ಎಂಬುದಕ್ಕಿಂತ ಅದು ಯಾವಾಗ ಆಗುತ್ತಿದೆ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಎಂಬುದು ನನಗೆ ಹೆಚ್ಚು ಹೇಳುತ್ತದೆ. ನೀವು ಅದನ್ನು ಸ್ಪಷ್ಟವಾಗಿ ಬರೆದಿರುವುದರಿಂದ ಅರ್ಧ ಕೆಲಸ ಹಗುರವಾಯಿತು.

ಬೆಳಗಿನ ತೊಂದರೆಯನ್ನು ಮೊದಲು ನೋಡೋಣ. ರಾತ್ರಿಯಿಡೀ ನಿಂತ ಹಳೆಯ ಕಾರಿನಲ್ಲಿ ಕನ್ವರ್ಟರ್‌ನಲ್ಲಿರಬೇಕಾದ ಆಯಿಲ್ ಮೆಲ್ಲಗೆ ಕೆಳಗಿನ ಸಂಪ್‌ಗೆ ಇಳಿದುಬಿಡುವುದುಂಟು; ಬೆಳಿಗ್ಗೆ ಪಂಪ್ ಮತ್ತೆ ಅದನ್ನು ತುಂಬುವವರೆಗೆ ಕಾರು ಕದಲುವುದಿಲ್ಲ. ಆಯಿಲ್ ಕಡಿಮೆಯಿದ್ದರೆ, ಫಿಲ್ಟರ್ ಕಟ್ಟಿದ್ದರೆ, ಕ್ಲಚ್ ಪಿಸ್ಟನ್ನಿನ ರಬ್ಬರ್ ಸೀಲುಗಳು ವರ್ಷಾನುಗಟ್ಟಲೆ ಬಿಸಿಗೆ ಗಡುಸಾಗಿದ್ದರೆ ಆಗುವುದೂ ಇದೇ. ಇವನ್ನು ಬೇರ್ಪಡಿಸಲು ಖರ್ಚಿಲ್ಲದ ಒಂದು ದಾರಿಯಿದೆ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ‘ಪಿ’ಯಲ್ಲೇ (ಪಾರ್ಕ್) ಒಂದು ನಿಮಿಷ ಬಿಟ್ಟು, ಬ್ರೇಕ್ ತುಳಿದು ‘ಡಿ’ಗೆ ಹಾಕಿ. ತಡವಿಲ್ಲದೆ ಹಿಡಿದುಕೊಂಡರೆ ರಾತ್ರಿ ಆಯಿಲ್ ಇಳಿದುಹೋಗುತ್ತಿದೆ ಎಂದು ಊಹಿಸಬಹುದು. ಅದು ಕಿರಿಕಿರಿಯ ವಿಷಯವೇ ಹೊರತು ಅಪಾಯದ ವಿಷಯವಲ್ಲ. ಮರುದಿನ ಅದೇ ರೀತಿ ‘ಆರ್’ಗೆ (ರಿವರ್ಸ್) ಹಾಕಿ ನೋಡಿ. ‘ಡಿ’ ಮತ್ತು ‘ಆರ್’ ಎರಡರಲ್ಲೂ ತಡವಾದರೆ ದೋಷ ಎರಡಕ್ಕೂ ಸಮಾನವಾದ ಕಡೆ, ಅಂದರೆ ಆಯಿಲ್ ಮಟ್ಟ, ಫಿಲ್ಟರ್, ಪಂಪ್ ಇವುಗಳಲ್ಲಿ ಇರುತ್ತದೆ. ‘ಡಿ’ಯಲ್ಲಿ ಮಾತ್ರ ತಡವಾಗಿ ‘ಆರ್’ ಸರಿಯಿದ್ದರೆ ಮುಂದಕ್ಕೆ ಓಡಿಸುವ ಕ್ಲಚ್ಚಿನ ಸೀಲುಗಳ ಮೇಲೆ ಅನುಮಾನ ಪಡಬೇಕು, ಮತ್ತು ಅದು ಗೇರ್‌ಬಾಕ್ಸ್ ಬಿಚ್ಚದೆ ಸರಿಹೋಗುವ ಕೆಲಸವಲ್ಲ.

ಹಿಡಿದುಕೊಳ್ಳುವಾಗಿನ ಆ ‘ಧಡ್’ ಶಬ್ದಕ್ಕೆ ಮಾತ್ರ ಗೇರ್‌ಬಾಕ್ಸನ್ನೇ ದೂರಬೇಡಿ. ಇಷ್ಟು ವಯಸ್ಸಾದ ಕಾರುಗಳಲ್ಲಿ ಇಂಜಿನ್ನನ್ನು ಹಿಡಿದಿಡುವ ಮೌಂಟಿಂಗ್‌ನ ರಬ್ಬರ್ ಹರಿದಿರುವುದು ತೀರ ಸಾಮಾನ್ಯ. ಬಾನೆಟ್ ತೆರೆದು, ಒಬ್ಬರು ಬ್ರೇಕ್ ಬಿಗಿಯಾಗಿ ತುಳಿದು ‘ಡಿ’ ಮತ್ತು ‘ಆರ್’ ನಡುವೆ ಲಿವರ್ ಆಡಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು (ಕಾರಿನ ಮುಂದೆ ಎಂದಿಗೂ ನಿಲ್ಲಬಾರದು) ಇಂಜಿನ್ ಎಷ್ಟು ಎಗರುತ್ತದೆಂದು ನೋಡಿದರೆ ತಿಳಿದುಬಿಡುತ್ತದೆ. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಇಂಜಿನ್ ವೇಗ) ಏರಿದ್ದರೂ ಇದೇ ಪೆಟ್ಟು ಬರುತ್ತದೆ. ಕೆಟ್ಟ ಪ್ಲಗ್ಗು ಅಥವಾ ಇಗ್ನಿಷನ್ ಕಾಯಿಲ್‌ನಿಂದ ಇಂಜಿನ್ ಮುಗ್ಗರಿಸುವುದನ್ನು ಗೇರ್‌ಬಾಕ್ಸ್ ಜರ್ಕ್ ಎಂದು ಭಾವಿಸಿ ಬಂದ ಕಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡರಿಂದ ಮೂರನೇ ಗೇರಿಗೆ ಹೋಗುವಾಗ ರೇಸ್ ಆಗುವುದು ಈ ಮೂರರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವ ಲಕ್ಷಣ. ಆ ಕ್ಷಣದಲ್ಲಿ ಒಂದು ಹಿಡಿತ ಸಡಿಲವಾಗಿ ಇನ್ನೊಂದು ಬಿಗಿಯಾಗಬೇಕು. ಎರಡನೆಯದು ಬಿಗಿಯಾಗುವುದು ತಡವಾದರೆ ನಡುವೆ ಯಾರ ಹಿಡಿತವೂ ಇಲ್ಲದ ಗಳಿಗೆಯೊಂದು ಉಂಟಾಗಿ ಇಂಜಿನ್ ಬರಿದೇ ಕೂಗುತ್ತದೆ. ಬಿಸಿಯಾದಾಗ ಮಾತ್ರ ಹೀಗಾಗುತ್ತದೆ ಎಂದರೆ, ತೆಳುವಾದ ಆಯಿಲ್ ಸವೆದ ಸೀಲಿನ ಬದಿಯಿಂದಲೋ ವಾಲ್ವ್ ಬಾಡಿಯೊಳಗಿನ ಸವೆದ ರಂಧ್ರಗಳಿಂದಲೋ ಸೋರಿ ಒತ್ತಡ ಬೀಳುತ್ತಿದೆ, ಇಲ್ಲವೇ ಸೊಲೆನಾಯ್ಡ್ ಬಿಸಿಗೆ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಇಲ್ಲವೇ ಆಯಿಲ್ಲೇ ತನ್ನ ಗುಣ ಕಳೆದುಕೊಂಡಿದೆ ಎಂದರ್ಥ. ಪ್ರತಿ ಸಲ ಹೀಗೆ ರೇಸ್ ಆದಾಗಲೂ ಪ್ಲೇಟು ಸ್ವಲ್ಪ ಸುಡುತ್ತದೆ. ಆದ್ದರಿಂದ ‘ಹಾಗೇ ಓಡಿಸಿ’ ಎಂಬ ಮೂರನೆಯವರ ಸಲಹೆಯನ್ನು ನಾನು ಒಪ್ಪುವುದಿಲ್ಲ; ಆಯಿಲ್‌ನಿಂದ ಮುಗಿಯಬಹುದಾದ ತೊಂದರೆ ಪ್ಲೇಟಿನವರೆಗೆ ಹೋಗಲು ಹೆಚ್ಚು ತಿಂಗಳು ಬೇಕಾಗುವುದಿಲ್ಲ.

ಇನ್ನು, ಹಳೆಯ ಆಯಿಲ್ ಮುಟ್ಟಿದರೆ ಗೇರ್‌ಬಾಕ್ಸ್ ಹೋಗುತ್ತದೆ ಎಂಬ ನಂಬಿಕೆ ಬೆಂಗಳೂರಿನಿಂದ ಚಾಮರಾಜನಗರದವರೆಗೆ ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಅದು ಹುಟ್ಟಿದ್ದು ಹೇಗೆಂದರೆ, ಬಹುತೇಕ ಮಾಲೀಕರು ಗೇರ್‌ಬಾಕ್ಸ್ ಜಾರಲು ಶುರುವಾದ ಮೇಲೆಯೇ ಮೊದಲ ಬಾರಿಗೆ ಆಯಿಲ್ ಬದಲಿಸುತ್ತಾರೆ. ಸುಟ್ಟ ಪ್ಲೇಟು ಹೇಗೂ ಕೆಲವೇ ದಿನಗಳಲ್ಲಿ ಕೈಕೊಡುತ್ತದೆ. ಕೊನೆಗಳಿಗೆಯಲ್ಲಿ ಬಂದ ವೈದ್ಯನ ಮೇಲೆ ಸಾವಿನ ಹೊಣೆ ಬೀಳುವ ಹಾಗೆ ಹೊಸ ಆಯಿಲ್ ಮೇಲೆ ಅಪವಾದ ಬರುತ್ತದೆ. ಇದರಲ್ಲಿ ಒಂದಂಶ ನಿಜವೂ ಇದೆ. ಮಷೀನ್ ಇಟ್ಟು ಒತ್ತಡದಿಂದ ಫ್ಲಶ್ ಮಾಡಿದಾಗ ಮೂಲೆಗಳಲ್ಲಿ ಕುಳಿತ ಕೊಳೆ ಎದ್ದುಬಂದು ವಾಲ್ವ್ ಬಾಡಿಯ ಸೂಕ್ಷ್ಮ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. 1,18,000 ಕಿ.ಮೀ. ಓಡಿದ, ಹಿಂದೆ ಆಯಿಲ್ ಬದಲಾದ ದಾಖಲೆಯಿಲ್ಲದ ಗೇರ್‌ಬಾಕ್ಸ್‌ಗೆ ನಾನು ಅದನ್ನು ಹೇಳುವುದಿಲ್ಲ. ಡ್ರೈನ್ ಬೋಲ್ಟ್ ತೆಗೆದು, ತಾನಾಗಿ ಇಳಿದಷ್ಟನ್ನು ಅಳೆದು, ಅಷ್ಟೇ ಹೊಸದನ್ನು ತುಂಬುವುದು ನಿರಪಾಯ. ಕನ್ವರ್ಟರ್‌ನಲ್ಲಿರುವುದು ಹೀಗೆ ಇಳಿಯುವುದಿಲ್ಲವಾದ್ದರಿಂದ ಒಂದು ಸಲಕ್ಕೆ ಒಟ್ಟು ಆಯಿಲ್‌ನ ಅರ್ಧ ಅಥವಾ ಇನ್ನೂ ಕಡಿಮೆ ಬದಲಾಗುತ್ತದೆ. ಕೆಲವು ನೂರು ಕಿ.ಮೀ. ಓಡಿಸಿ ಮತ್ತೆ ಮಾಡಬೇಕು. ಪ್ರತಿ ಸಲ ಅರ್ಧ ಬದಲಾಯಿತೆಂದು ಇಟ್ಟುಕೊಂಡರೆ ಮೂರನೆಯ ಸಲಕ್ಕೆ ಶೇ. 87ರಷ್ಟು ಹೊಸದಾಗಿರುತ್ತದೆ. ‘ಜೀವಮಾನದ ಆಯಿಲ್, ಬದಲಿಸಬೇಕಿಲ್ಲ’ ಎಂಬ ಮಾತನ್ನು ನಮ್ಮ ಬಿಸಿಲಿನಲ್ಲಿ, ನಮ್ಮ ಟ್ರಾಫಿಕ್‌ನಲ್ಲಿ ನಾನು ನಂಬುವುದಿಲ್ಲ.

ಯಾವ ಆಯಿಲ್ ಎಂಬ ವಿಷಯದಲ್ಲಿ ರಾಜಿ ಬೇಡ. ಹ್ಯುಂಡೈನ ಹಳೆಯ ನಾಲ್ಕು ಗೇರಿನ ಕಾರುಗಳು ಕೇಳುವುದು ಎಸ್‌ಪಿ-3. ಹೋಂಡಾದಲ್ಲಿ ಹಿಂದೆ ಝಡ್-1 ಇದ್ದ ಜಾಗಕ್ಕೆ ಈಗ ಡಿಡಬ್ಲ್ಯೂ-1 ಬಂದಿದೆ. ಟೊಯೋಟಾದಲ್ಲಿ ಟಿ-4 ಕೇಳುವ ಗೇರ್‌ಬಾಕ್ಸ್‌ಗೆ ಡಬ್ಲ್ಯೂಎಸ್ ಹಾಕುವಂತಿಲ್ಲ, ಡಬ್ಲ್ಯೂಎಸ್ ಕೇಳುವುದಕ್ಕೆ ಟಿ-4 ಕೂಡ ಹಾಕುವಂತಿಲ್ಲ. ಎಲ್ಲವೂ ಕೆಂಪಾಗಿಯೇ ಕಾಣುವುದರಿಂದ ಡ್ರಮ್ಮಿನಲ್ಲಿರುವ ಪವರ್ ಸ್ಟಿಯರಿಂಗ್ ಆಯಿಲ್ ಅನ್ನೇ ಗೇರ್‌ಬಾಕ್ಸ್‌ಗೂ ಸುರಿಯುವ ಅಭ್ಯಾಸ ಕೆಲವು ಕಡೆ ಇದೆ. ನೀವು ಕಾರು ಕೊಳ್ಳುವ ಮುನ್ನ ಅದರಲ್ಲಿ ಏನು ಸುರಿದಿದ್ದರೋ ನಿಮಗೆ ತಿಳಿಯದು; ಗೇರು ಬದಲಾವಣೆಯ ಗಡಸುತನ, ಜಾರುವಿಕೆ ಎರಡಕ್ಕೂ ತಪ್ಪು ಆಯಿಲ್ ಒಂದೇ ಸಾಕಾಗುತ್ತದೆ. ಸೀಲ್ಡ್ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ತೆರೆಯಲು ಹೇಳಿ.

ಮಟ್ಟ ನೋಡುವ ಕ್ರಮವೂ ಒಂದೊಂದು ಕಂಪನಿಗೆ ಒಂದೊಂದು. ಎಲ್ಲದರಲ್ಲೂ ಕಾರು ಓಡಿ ಬಿಸಿಯಾಗಿರಬೇಕು, ಸಮತಟ್ಟಾದ ನೆಲದಲ್ಲಿ ನಿಂತಿರಬೇಕು. ಟೊಯೋಟಾದಲ್ಲಿ ಇಂಜಿನ್ ಚಾಲೂ ಇದ್ದು ‘ಪಿ’ಯಲ್ಲಿ, ಹ್ಯುಂಡೈನಲ್ಲಿ ಇಂಜಿನ್ ಚಾಲೂ ಇದ್ದು ‘ಎನ್’ನಲ್ಲಿ (ನ್ಯೂಟ್ರಲ್), ಹೋಂಡಾದಲ್ಲಿ ಇಂಜಿನ್ ಆಫ್ ಮಾಡಿದ ಒಂದು ಒಂದೂವರೆ ನಿಮಿಷದೊಳಗೆ ನೋಡಬೇಕು. ಕ್ರಮ ತಪ್ಪಿದರೆ ಸರಿಯಿರುವ ಮಟ್ಟವೂ ಕಡಿಮೆಯೆಂದು ಕಂಡು ಹೆಚ್ಚುವರಿ ತುಂಬಿಬಿಡುತ್ತಾರೆ. ಹೆಚ್ಚಾದ ಆಯಿಲ್ ಗೇರುಗಳ ತಿರುಗಾಟಕ್ಕೆ ಸಿಕ್ಕು ನೊರೆಯೇಳುತ್ತದೆ, ನೊರೆಗೆ ಒತ್ತಡ ಹಿಡಿಯುವ ಶಕ್ತಿಯಿರುವುದಿಲ್ಲ. ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಒರೆಸಲು ಗ್ಯಾರೇಜಿನ ಕಾಟನ್ ವೇಸ್ಟ್ ಬೇಡ, ಅದರ ಒಂದು ಎಳೆ ಒಳಗೆ ಹೋದರೂ ತೊಂದರೆ. ಬಿಳಿ ಕಾಗದ ಬಳಸಿ, ಬಣ್ಣವೂ ಅದರಲ್ಲೇ ತಿಳಿಯುತ್ತದೆ. ಕಂದು ಬಣ್ಣವಿದ್ದು ಸುಟ್ಟ ವಾಸನೆಯಿಲ್ಲದಿದ್ದರೆ ಆಯಿಲ್ ಹಳೆಯದಾಗಿದೆ ಅಷ್ಟೇ. ಕಪ್ಪಾಗಿ, ಸುಟ್ಟ ವಾಸನೆ ಮೂಗಿಗೆ ಹೊಡೆದರೆ ಪ್ಲೇಟುಗಳು ಹೋಗಿವೆ. ಆಯಿಲ್ ಬದಲಿಸಿ ಹಣ ಕಳೆಯಬೇಡಿ. ಸಂಪ್ ತೆಗೆದಾಗ ಅದರ ಆಯಸ್ಕಾಂತಕ್ಕೆ ನುಣ್ಣನೆಯ ಬೂದು ಲೇಪ ಅಂಟಿರುವುದು ಸಹಜ, ಚೂರುಗಳಿರುವುದು ಸಹಜವಲ್ಲ.

ಹಾಲು ಬೆರೆಸಿದಂತೆ ಗುಲಾಬಿ ಬಣ್ಣ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಿ. ಇದನ್ನು ವಿಶೇಷವಾಗಿ ಹೇಳಲು ಕಾರಣವಿದೆ. ಇಂಥ ಬಹಳಷ್ಟು ಕಾರುಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಣಿಯುವ ಕೊಳವೆ ರೇಡಿಯೇಟರ್‌ನ ಒಳಗೇ ಇರುತ್ತದೆ. ನಮ್ಮ ಕಡೆ ಕೂಲಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿಯುವುದು ವಾಡಿಕೆ, ಮತ್ತು ನಮ್ಮ ಬೋರ್‌ವೆಲ್‌ಗಳ ನೀರು ಎಷ್ಟು ಗಡಸೆಂದು ಮನೆಯ ಗೀಸರ್ ಬಿಚ್ಚಿಸಿದವರಿಗೆಲ್ಲ ಗೊತ್ತು. ಅದರ ಸುಣ್ಣ ಆ ಕೊಳವೆಯ ಮೇಲೆ ಕಟ್ಟಿದರೆ ಆಯಿಲ್ ತಣಿಯುವುದಿಲ್ಲ. ನಿಮ್ಮ ಬಿಸಿಯ ತೊಂದರೆಗೆ ಅದೂ ಕಾರಣವಿರಬಹುದು. ತುಕ್ಕು ಹಿಡಿದು ಕೊಳವೆ ತೂತಾದರೆ ನೀರು ಗೇರ್‌ಬಾಕ್ಸ್‌ಗೆ ನುಗ್ಗಿ, ಪ್ಲೇಟಿನ ಮೇಲಿನ ಅಂಟು ಬಿಟ್ಟು, ಚೆನ್ನಾಗಿದ್ದ ಗೇರ್‌ಬಾಕ್ಸ್ ಕೂಡ ಹಾಳಾಗುತ್ತದೆ. ಹತ್ತು ವರ್ಷ ದಾಟಿದ ರೇಡಿಯೇಟರ್ ಅನ್ನು ಮುಂಚಿತವಾಗಿ ಬದಲಿಸುವುದು ಅತಿ ಎಚ್ಚರಿಕೆ ಎನಿಸಬಹುದು. ಆಟೋಮ್ಯಾಟಿಕ್ ಕಾರಿನಲ್ಲಿ ನಾನು ಅದನ್ನು ಅತಿ ಎನ್ನುವುದಿಲ್ಲ.

ಬೆಟ್ಟದ ಮೇಲೆ ಒಂದೇ ಗೇರಿನಲ್ಲಿ ಸಿಕ್ಕಿಕೊಂಡದ್ದು ಗೇರ್‌ಬಾಕ್ಸ್ ತಾನಾಗಿ ಕಟ್ಟಿಕೊಂಡ ರಕ್ಷಣೆ. ಕಂಪ್ಯೂಟರ್‌ಗೆ ಏನೋ ಹೊಂದಾಣಿಕೆಯಾಗದಿದ್ದಾಗ ಅದು ಉಳಿದ ಆಜ್ಞೆಗಳನ್ನು ನಿಲ್ಲಿಸಿ, ನಾಲ್ಕು ಗೇರಿನವುಗಳಲ್ಲಿ ಸಾಮಾನ್ಯವಾಗಿ ಮೂರನೆಯದರಲ್ಲಿ, ಹಿಡಿದು ನಿಲ್ಲಿಸುತ್ತದೆ. ಆಗ ಅದು ಒಂದು ಕೋಡನ್ನು ಬರೆದಿಟ್ಟಿರುತ್ತದೆ. ಪಿ 0700 ಎಂಬುದು ‘ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಬರೆದಿದೆ, ಅದನ್ನು ಓದು’ ಎಂಬ ಸೂಚನೆ ಮಾತ್ರ. ಅಗ್ಗದ ಸ್ಕ್ಯಾನರ್‌ಗಳು ಅಲ್ಲಿಗೇ ನಿಲ್ಲುತ್ತವೆ. ಗೇರ್‌ಬಾಕ್ಸ್ ವಿಭಾಗವನ್ನೂ ಓದಬಲ್ಲ ಸ್ಕ್ಯಾನರ್ ಇರುವವರಲ್ಲಿಗೇ ಹೋಗಿ. ಪಿ 0733 ಬಂದರೆ ಮೂರನೇ ಗೇರು ನಿಜಕ್ಕೂ ಜಾರುತ್ತಿದೆ ಎಂದರ್ಥ, ನಿಮ್ಮ ಎರಡನೆಯ ಮತ್ತು ಮೂರನೆಯ ತೊಂದರೆ ಆಗ ಒಂದೇ ರೋಗದ ಎರಡು ಮುಖಗಳಾಗುತ್ತವೆ. ಪಿ 0715 ಅಥವಾ ಪಿ 0720 ಬಂದರೆ ವೇಗ ಅಳೆಯುವ ಸೆನ್ಸರ್‌ಗಳ ಕಡೆ, ಪಿ 0705 ಬಂದರೆ ಲಿವರ್ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ಸ್ವಿಚ್ಚಿನ ಕಡೆ ನೋಡಬೇಕು. ಈ ಸ್ವಿಚ್ಚು ಗೇರ್‌ಬಾಕ್ಸ್‌ನ ಹೊರಮೈಯಲ್ಲೇ ಇದ್ದು, ಸರ್ವಿಸ್ ಸ್ಟೇಷನ್ನಿನಲ್ಲಿ ಬಾನೆಟ್ ತೆರೆದು ಪ್ರೆಷರ್ ನೀರು ಹೊಡೆಸಿದಾಗ ಒದ್ದೆಯಾಗಿ ಕೆಡುತ್ತದೆ. ಇವೆಲ್ಲ ಗೇರ್‌ಬಾಕ್ಸ್ ಇಳಿಸದೆ ಬದಲಿಸುವ ಭಾಗಗಳು. ಬ್ಯಾಟರಿ ಸೋತಿದ್ದರೂ, ಅರ್ಥಿಂಗ್ ವೈರ್ ತುಕ್ಕು ಹಿಡಿದಿದ್ದರೂ ಸೊಲೆನಾಯ್ಡ್ ಕೋಡುಗಳು ಸುಳ್ಳೇ ಬರುತ್ತವೆ. ಮೊದಲು ಅದನ್ನು ನೋಡಿಸಿ. ಬ್ಯಾಟರಿ ವೈರ್ ಕಳಚಿ ‘ರೀಸೆಟ್’ ಮಾಡಲು ಮಾತ್ರ ಯಾರಿಗೂ ಬಿಡಬೇಡಿ. ಕೋಡ್ ಅಳಿಸಿಹೋದರೆ ಸಾಕ್ಷಿಯೂ ಹೋಯಿತು.

ಇಷ್ಟಾದ ಮೇಲೂ ಬಿಸಿಯ ತೊಂದರೆ ಉಳಿದರೆ ಒತ್ತಡ ಅಳೆಯಲೇಬೇಕು. ಗೇರ್‌ಬಾಕ್ಸ್‌ನ ಪರೀಕ್ಷಾ ರಂಧ್ರಕ್ಕೆ ಗೇಜ್ ಜೋಡಿಸಿ, ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಓದಿ, ಕಂಪನಿಯ ಪುಸ್ತಕದ ಅಂಕಿಗೆ ಹೋಲಿಸುವ ಕೆಲಸ ಇದು. ಒತ್ತಡ ಸರಿಯಿದ್ದೂ ಜಾರುತ್ತಿದ್ದರೆ ಪ್ಲೇಟು ಸವೆದಿದೆ. ಬಿಸಿಯಾದಾಗ ಒತ್ತಡವೇ ಬೀಳುತ್ತಿದ್ದರೆ ವಾಲ್ವ್ ಬಾಡಿ, ಪಂಪ್ ಅಥವಾ ಸೀಲುಗಳು. ನಿಮಗೆ 1,40,000 ಹೇಳಿದವರನ್ನು ‘ಪ್ರೆಷರ್ ಎಷ್ಟು ಬಂತು?’ ಎಂದು ಕೇಳಿ. ಉತ್ತರವಾಗಿ ಒಂದು ಸಂಖ್ಯೆ ಬರದಿದ್ದರೆ ಆ ಅಂದಾಜು ಊಹೆಯದು. ಬ್ರೇಕ್ ತುಳಿದು ಪೂರ್ತಿ ಆಕ್ಸಿಲರೇಟರ್ ಒತ್ತಿ ನೋಡುವ ಸ್ಟಾಲ್ ಟೆಸ್ಟ್ ಅನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಐದು ಸೆಕೆಂಡು ಮೀರಿದರೆ ಆಯಿಲ್ ಸುಡುತ್ತದೆ, ಬ್ರೇಕ್ ಸೋತರೆ ಕಾರು ಗೋಡೆಗೆ ಹೋಗುತ್ತದೆ.

ಅಲ್ಲಿಯವರೆಗೆ ಕಾರನ್ನು ಊರೊಳಗೆ ಬಳಸಿ, ಬೆಟ್ಟ ಬೇಡ. ಮೈಸೂರಿಗಿಂತ ಸುಮಾರು ಸಾವಿರ ಅಡಿ ಎತ್ತರಕ್ಕೆ ಒಂದೇ ಉಸಿರಿಗೆ ಹತ್ತುವುದು ಜಾರುವ ಪ್ಲೇಟಿಗೆ ದೊಡ್ಡ ಶಿಕ್ಷೆ, ಮೇಲುಕೋಟೆಯೂ ಬೇಡ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ತೆವಳುವಾಗ ಲಿವರಿನಲ್ಲಿರುವ ಓವರ್‌ಡ್ರೈವ್ (ನಾಲ್ಕನೇ ಗೇರು) ಬಟನ್ನನ್ನು ಆಫ್ ಮಾಡಿಟ್ಟರೆ ಗೇರು ಪದೇ ಪದೇ ಹಾರಾಡುವುದು ತಪ್ಪುತ್ತದೆ. ರೇಸ್ ಆದ ತಕ್ಷಣ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಒತ್ತಿ ಗೆಲ್ಲಲು ನೋಡಬೇಡಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ‘ಎನ್’ಗೆ ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ, ಇಂಜಿನ್ನಿನ ತಡೆಯಿಲ್ಲದೆ ಬ್ರೇಕೊಂದನ್ನೇ ನಂಬಿದಂತಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ನಿಂತುಹೋದರೆ ಹಗ್ಗ ಕಟ್ಟಿ ಎಳೆಸಬೇಡಿ: ಇಂಜಿನ್ ಆಫ್ ಇದ್ದಾಗ ಪಂಪ್ ತಿರುಗುವುದಿಲ್ಲ, ಚಕ್ರ ಮಾತ್ರ ಗೇರುಗಳನ್ನು ಆಯಿಲ್ ತಲುಪದೆಯೇ ತಿರುಗಿಸುತ್ತದೆ. ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಬೇಕು, ಇಲ್ಲವೇ ಮುಂಚಕ್ರಗಳಿಂದ ಓಡುವ ಇಂಥ ಕಾರನ್ನು ಮುಂಭಾಗ ಎತ್ತಿಯೇ ಒಯ್ಯಬೇಕು.

ದೋಷ ಒಳಗಿದೆಯೆಂದು ಖಚಿತವಾದರೆ ಉಳಿಯುವ ದಾರಿಗಳು ಯಾವುವೂ ಪೂರ್ತಿ ನಿಶ್ಚಿಂತೆಯವಲ್ಲ. ವಾಲ್ವ್ ಬಾಡಿ ಮತ್ತು ಸೊಲೆನಾಯ್ಡ್ ಕೆಲಸವನ್ನು ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸ್ ಇಳಿಸದೆ ಮಾಡಬಹುದು; ಪ್ಲೇಟು ಈಗಾಗಲೇ ಸುಟ್ಟಿದ್ದರೆ ಆ ಖರ್ಚು ವ್ಯರ್ಥ. ಓವರ್‌ಹಾಲ್ ಮಾಡಿಸಿದರೆ ಸೀಲು, ಪ್ಲೇಟು ಎಲ್ಲ ಹೊಸದಾಗುತ್ತವೆ. ಅದು ಮಾಡುವವನ ಕೈಚಳಕ ಮತ್ತು ಶುಚಿತ್ವದ ಮೇಲೆ ನಿಂತಿದೆ, ಮತ್ತು ನಮ್ಮ ಭಾಗದಲ್ಲಿ ಅಂಥ ಕೈಗಳು ಕಡಿಮೆ. ಗುಜರಿಯಿಂದ ಬಂದ ಗೇರ್‌ಬಾಕ್ಸ್ ಅಗ್ಗ ಮತ್ತು ಬೇಗ; ಅದು ಎಷ್ಟು ಓಡಿದೆ, ಯಾವ ಅಪಘಾತದ ಕಾರಿನದು ಎಂಬುದಕ್ಕೆ ಮಾರುವವನ ಮಾತೇ ಪ್ರಮಾಣ, ಒಂದೇ ಮಾದರಿಯ ಕಾರಿನಲ್ಲೂ ಇಂಜಿನ್ ಬೇರೆಯಾದರೆ ಗೇರ್‌ಬಾಕ್ಸ್ ಬೇರೆಯಿರುತ್ತದೆ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ನಿಮ್ಮದು ಆ ಗಡಿಯಲ್ಲಿದೆ. ಕಾರಿನ ಮೈಗೆ ತುಕ್ಕು ಹಿಡಿಯದೆ, ಇಂಜಿನ್ ಆಯಿಲ್ ಕುಡಿಯದೆ ಇದ್ದರೆ, ಇನ್ನೂ ಐದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ, ನಾನು ಗುಜರಿಯದಕ್ಕಿಂತ ಓವರ್‌ಹಾಲ್ ಕಡೆಗೇ ಒಲಿಯುತ್ತೇನೆ. ಇಲ್ಲವಾದರೆ ಆಯಿಲ್ ಮತ್ತು ಹೊರಗಿನ ಕೆಲಸ ಮಾಡಿಸಿ, ದೋಷವನ್ನು ಮುಚ್ಚಿಡದೆ ಮಾರುವುದು ಲೇಸು.

ಓವರ್‌ಹಾಲ್‌ಗೆ ಒಪ್ಪಿದರೆ ಕೆಲವನ್ನು ಬರೆಸಿಕೊಳ್ಳಿ: ಕನ್ವರ್ಟರ್ ಬದಲಿಸುತ್ತಾರೆಯೇ ಅಥವಾ ಬಿಚ್ಚಿ ಶುಚಿ ಮಾಡಿಸುತ್ತಾರೆಯೇ, ಕೂಲರ್ ಕೊಳವೆಗಳನ್ನು ತೊಳೆಯುತ್ತಾರೆಯೇ, ತೆಗೆದ ಹಳೆಯ ಪ್ಲೇಟುಗಳನ್ನು ನಿಮಗೆ ತೋರಿಸುತ್ತಾರೆಯೇ, ಗ್ಯಾರಂಟಿ ಎಷ್ಟು ತಿಂಗಳು, ಎಷ್ಟು ಕಿ.ಮೀ. ಇವುಗಳಲ್ಲಿ ಕೂಲರ್ ತೊಳೆಯುವುದನ್ನೇ ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಹಳೆಯ ಚೂರುಗಳು ಅಲ್ಲಿಂದಲೇ ಹೊಸ ಗೇರ್‌ಬಾಕ್ಸ್‌ಗೆ ಬರುತ್ತವೆ. ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಹೊಸ ಪ್ಲೇಟುಗಳಿಗೆ ಒಗ್ಗಿಕೊಳ್ಳಲು ಕೆಲವು ದಿನ ಬೇಕಾಗುವುದರಿಂದ ಮೊದಲಿಗೆ ಗೇರು ಬದಲಾವಣೆ ಸ್ವಲ್ಪ ಒರಟಾಗಿದ್ದರೆ ಗಾಬರಿಯಾಗಬೇಡಿ. ಹಗುರವಾದ ಕಾಲಿನಲ್ಲಿ ಓಡಿಸಿ, ಸಾವಿರ ಕಿ.ಮೀ. ಆದಾಗ ಮಟ್ಟವನ್ನೂ ಬಣ್ಣವನ್ನೂ ಬಿಳಿ ಕಾಗದದಲ್ಲಿ ಇನ್ನೊಮ್ಮೆ ನೋಡಿ, ಒರಟುತನ ಆಗಲೂ ಉಳಿದಿದ್ದರೆ ಗ್ಯಾರಂಟಿ ಮುಗಿಯುವ ಮುನ್ನವೇ ಕಾರನ್ನು ಅವರ ಬಾಗಿಲಿಗೆ ಒಯ್ಯಿರಿ.